ಅಡ್ಡ ಪರಿಣಾಮದ ಮನೆ

ನಮ್ಮ ಭಾವ ಸಾಧು ಮನುಷ್ಯ. ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ, ಕಾಲು ಅಲ್ಲಿಟ್ಟದ್ದು ತಮ್ಮದೇ ತಪ್ಪೆಂದು ತಾವೇ ಕ್ಷಮೆ ಕೇಳುತ್ತಾರೆ. ಅಂಗಡಿಯವನು ಕೊಳೆತ ತರಕಾರಿ ಕೊಟ್ಟರೆ, ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತ ಅವನಿಗೆ ಎಷ್ಟು ಕಷ್ಟವೋ ಎಂದು ಅಕ್ಕನಿಗೇ ವಿವರಿಸುತ್ತಾರೆ. ಇಂಥ ಮನುಷ್ಯನಿಗೆ ಸಹಿಸಲಾಗದ್ದು ಪ್ರಪಂಚದಲ್ಲಿ ಒಂದೇ ಒಂದು. ಅದು ಕರಡಿನಲ್ಲಿ ಕಾಣುವ ಖಾಲಿ ಜಾಗ.

ನಾವಿಬ್ಬರೂ ಒಂದೇ ಪ್ರೆಸ್ಸಿನಲ್ಲಿ ಕೆಲಸ ಮಾಡುವವರು. ಅವರು ಕರಡು ತಿದ್ದುತ್ತಾರೆ. ನಾನು ಅಚ್ಚಾದದ್ದನ್ನು ಕತ್ತರಿಸಿ, ಕಟ್ಟು ಕಟ್ಟಿ, ಗಿರಾಕಿಗಳಿಗೆ ಮುಟ್ಟಿಸಿ ಬರುತ್ತೇನೆ. ಕೆಲಸ ಕೊಡಿಸಿದ್ದು ಭಾವನೇ, ಇರುವುದೂ ಅವರ ಮನೆಯ ಮುಂದಿನ ಕೋಣೆಯಲ್ಲೇ. ಆದ್ದರಿಂದ ಅವರ ಬಗ್ಗೆ ನಾನು ಹೇಳುವುದನ್ನೆಲ್ಲ ಋಣದ ಭಾರದಲ್ಲಿ ಹೇಳುವ ಮಾತೆಂದು ಯಾರಾದರೂ ತಿಳಿದರೆ ನನ್ನದೇನೂ ಅಭ್ಯಂತರವಿಲ್ಲ.

ಗಿರಾಕಿಗಳು ಕೊಡುವ ಬರಹದಲ್ಲಿ ಎಲ್ಲೋ ಒಂದು ಕಡೆ ವಿಳಾಸ ಬಿಟ್ಟುಹೋಗಿರುತ್ತದೆ. ಬೇರೆಯವರಾದರೆ ಅಲ್ಲೊಂದು ಪ್ರಶ್ನೆಚಿಹ್ನೆ ಹಾಕಿ ಸುಮ್ಮನಾಗುತ್ತಾರೆ. ಭಾವ ಹಾಗಲ್ಲ. ಆ ಜಾಗದಲ್ಲಿ ಎಷ್ಟು ಸಾಲು ಹಿಡಿಯುತ್ತದೆ, ಅಕ್ಷರ ಯಾವ ಅಳತೆಯದು ಬೇಕು ಎಂದು ನೋಡಲು ತಾತ್ಕಾಲಿಕವಾಗಿ ತಮ್ಮ ಮನೆಯ ವಿಳಾಸ ಹಾಕಿಸುತ್ತಾರೆ. ಗಿರಾಕಿಯ ವಿಳಾಸ ಬಂದ ಮೇಲೆ ತಮ್ಮದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. ವರ್ಷಾನುಗಟ್ಟಲೆ ಹೀಗೆ ನಡೆದಿತ್ತು. ಒಮ್ಮೆಯೂ ಎಡವಟ್ಟಾಗಿರಲಿಲ್ಲ.

ಆ ಸಲ ಬಂದದ್ದು ಗಿಡಮೂಲಿಕೆ ಟಾನಿಕ್ಕಿನ ಲೇಬಲ್ಲು. ನಮ್ಮ ಪ್ರೆಸ್ಸು ಉಸಿರಾಡುತ್ತಿರುವುದೇ ಆ ಟಾನಿಕ್ಕಿನಿಂದ ಎನ್ನಬೇಕು. ಅರ್ಧಕ್ಕರ್ಧ ಕೆಲಸ ಅದರದ್ದೇ. ನಮ್ಮ ಯಜಮಾನರು ದೇವರ ಹೆಸರು ಮರೆತರೂ ಟಾನಿಕ್ ಸಾಹುಕಾರರ ಹೆಸರು ಮರೆಯುವವರಲ್ಲ. ಆ ಲೇಬಲ್ಲಿನಲ್ಲಿ ಒಂದು ಚುಕ್ಕೆ ತಪ್ಪಿದರೂ, ತಪ್ಪಿಸಿದವರು ಮನೆಗೆ ಹೋಗಬಹುದು ಎಂದು ಯಜಮಾನರು ಎಲ್ಲರಿಗೂ ಹೇಳಿಟ್ಟಿದ್ದರು.

ಲೇಬಲ್ಲಿನಲ್ಲಿ ಹಿಂದಿನಿಂದಲೂ ಒಂದು ಸಾಲಿತ್ತು: "ಶುದ್ಧ ಗಿಡಮೂಲಿಕೆಗಳಿಂದ ತಯಾರಾದದ್ದು. ಯಾವುದೇ ಅಡ್ಡ ಪರಿಣಾಮಗಳಿಲ್ಲ." ಈಗ ಸರ್ಕಾರದ ಹೊಸ ಆದೇಶವೆಂದು ಅದರ ಕೆಳಗೆ ಇನ್ನೊಂದು ಸಾಲು ಸೇರಿತ್ತು: "ಅಡ್ಡ ಪರಿಣಾಮಗಳು ಕಂಡುಬಂದಲ್ಲಿ ಈ ವಿಳಾಸಕ್ಕೆ ತಿಳಿಸಿ." ಆಮೇಲೆ ಖಾಲಿ. ಯಾವ ಕಚೇರಿ, ಎಲ್ಲಿದೆ ಎಂದು ಸಾಹುಕಾರರ ಗುಮಾಸ್ತನಿಗೆ ಗೊತ್ತಿರಲಿಲ್ಲ. ಆಮೇಲೆ ತಿಳಿಸುತ್ತೇವೆ ಅಂದಿದ್ದ. ಇಲ್ಲವೆಂದು ಹೇಳಿದ ಮೇಲೆ ಕಂಡುಬರುವುದು ಹೇಗೆ ಎಂದು ಭಾವ ಯಜಮಾನರನ್ನು ಕೇಳಿದರು. ನಿನಗೆ ಸಂಬಳ ಕೊಡುವುದು ಅಕ್ಷರ ನೋಡುವುದಕ್ಕೆ, ಅರ್ಥ ನೋಡುವುದಕ್ಕಲ್ಲ ಎಂದು ಯಜಮಾನರು ಅವರನ್ನು ವಾಪಸು ಕಳಿಸಿದರು. ಭಾವ ಪದ್ಧತಿಯಂತೆ ಖಾಲಿ ಜಾಗಕ್ಕೆ ಮನೆಯ ವಿಳಾಸ ಹಾಕಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಬರುವ ಹೊತ್ತಿಗೆ ಭಾವನಿಗೆ ಯಾವುದೋ ಶಾಲೆಯ ಪ್ರಶ್ನೆಪತ್ರಿಕೆ ಕೊಟ್ಟಿದ್ದರು, ಲೇಬಲ್ಲು ಅವರ ರುಜುವಿಗೆ ಕಾಯದೆ ಯಂತ್ರಕ್ಕೇರಿತ್ತು. ಅದನ್ನು ಕತ್ತರಿಸಿ, ಕಟ್ಟಿ, ಸಾಹುಕಾರರ ಕಾರ್ಖಾನೆಗೆ ಹೊತ್ತುಹಾಕಿ ಬಂದವನು ನಾನು. ಆ ಸಣ್ಣ ಅಕ್ಷರವನ್ನು ಓದುವ ಅಭ್ಯಾಸ ನನಗೂ ಇಲ್ಲ, ಯಾರಿಗೂ ಇಲ್ಲ ಎಂದು ತಿಳಿದುಕೊಂಡಿದ್ದೆ.

ಓದುವವರಿದ್ದರು. ಒಂದು ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಅಕ್ಕ ಹೋಗಿ ತೆಗೆದಳು. ಖಾಕಿ ಅಂಗಿಯ ಬಸ್ ಕಂಡಕ್ಟರೊಬ್ಬರು ಕೈಯಲ್ಲಿ ಬಾಟಲಿ ಹಿಡಿದು ನಿಂತಿದ್ದರು.

"ಅಡ್ಡ ಪರಿಣಾಮದ ಮನೆ ಇದೇನಾ ಅಮ್ಮಾ?"

ಅಕ್ಕ ಒಳಗೆ ತಿರುಗಿ, ಅಂಗಿಯನ್ನು ಉಲ್ಟಾ ಹಾಕಿಕೊಂಡು ಪೇಪರ್ ಓದುತ್ತಿದ್ದ ಗಂಡನನ್ನು ಒಮ್ಮೆ ನೋಡಿದಳು. ಆಮೇಲೆ, "ಹೌದು, ಬನ್ನಿ" ಅಂದಳು.

ಕಂಡಕ್ಟರು ಬಾಟಲಿಯನ್ನು ತಿರುಗಿಸಿ ಲೇಬಲ್ಲು ತೋರಿಸಿದರು. ಭಾವ ಓದಿದರು. ಇನ್ನೊಮ್ಮೆ ಓದಿದರು. ನಾನೂ ಬಗ್ಗಿ ನೋಡಿದೆ. ಮನೆ ನಂಬರು, ರಸ್ತೆ, ಅಡ್ಡರಸ್ತೆ, ಪಕ್ಕದ ಹಿಟ್ಟಿನ ಗಿರಣಿಯ ಗುರುತು, ಎಲ್ಲವೂ ಅಚ್ಚುಕಟ್ಟಾಗಿ, ಒಂದು ತಪ್ಪೂ ಇಲ್ಲದೆ ಅಚ್ಚಾಗಿತ್ತು.

ಅಕ್ಕ ಭಾವನನ್ನು ಅಡುಗೆಮನೆಗೆ ಕರೆದು, ತಪ್ಪು ಮನೆ ಅಂತ ಹೇಳಿ ಕಳಿಸಿಬಿಡಿ, ಈ ಸುದ್ದಿ ಯಜಮಾನರ ಕಿವಿಗೆ ಬಿದ್ದರೆ ನಾಳೆಯಿಂದ ನಾವೆಲ್ಲ ಬಾಯಿಗೆ ಮಣ್ಣು ಹಾಕಿಕೊಳ್ಳಬೇಕಾಗುತ್ತದೆ ಎಂದಳು. ನಾನೂ ಅದನ್ನೇ ಹೇಳಿದೆ. ಭಾವ ಆಗದೆಂದು ತಲೆಯಾಡಿಸಿದರು. ಅವರ ವಾದ ಹೀಗಿತ್ತು. ಈ ವಿಳಾಸಕ್ಕೆ ತಿಳಿಸಿ ಎಂದು ಅಚ್ಚಾಗಿದೆ. ಇವರು ತಿಳಿಸಲು ಬಂದಿದ್ದಾರೆ. ಈಗ ನಾವು ಕೇಳದೆ ಕಳಿಸಿದರೆ ಅಚ್ಚಾದದ್ದು ಸುಳ್ಳಾಗುತ್ತದೆ. ವಿಳಾಸ ತಪ್ಪಿದ್ದು ಒಂದು ತಪ್ಪು. ಕೇಳದೆ ಕಳಿಸಿದರೆ ಎರಡು ತಪ್ಪು. ಕರಡು ತಿದ್ದುವವನು ತಪ್ಪು ಕಡಿಮೆ ಮಾಡಬೇಕೇ ಹೊರತು ಹೆಚ್ಚು ಮಾಡಬಾರದು.

ಇಂಥ ತರ್ಕದ ಎದುರು ವಾದ ಮಾಡಿ ಗೆದ್ದವರಿಲ್ಲ. ಅಕ್ಕ ಹಣೆ ಚಚ್ಚಿಕೊಂಡು ಇನ್ನೊಂದು ಲೋಟ ಕಾಫಿಗೆ ನೀರಿಟ್ಟಳು.

ಭಾವನಿಗೆ ವೈದ್ಯ ಮಾಡಲು ಗೊತ್ತಿಲ್ಲ. ಜ್ವರ ಬಂದರೆ ಯಾವ ಮಾತ್ರೆ ಎಂದು ಅಕ್ಕನನ್ನೇ ಕೇಳುವವರು. ಗೊತ್ತಿದ್ದದ್ದು ಒಂದೇ ಕೆಲಸ. ಬರೆದವರ ಮಾತನ್ನು ಬದಲಾಯಿಸದೆ, ಏನಿದೆಯೋ ಅದನ್ನು ಗಟ್ಟಿಯಾಗಿ ಓದಿ ತಾಳೆ ನೋಡುವುದು. ಕಂಡಕ್ಟರಿಗೂ ಅವರು ಅದನ್ನೇ ಮಾಡಿದರು. ಕಂಡಕ್ಟರು ಹೇಳಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಪ್ರೆಸ್ಸಿನ ಧಾಟಿಯಲ್ಲಿ ಓದಿ ಹೇಳಿದರು.

"ಮಧ್ಯಾಹ್ನದ ಟ್ರಿಪ್ಪಿನಲ್ಲಿ ಕೈ ನಡುಗಿತು, ಅಲ್ಪವಿರಾಮ, ಮೈಯೆಲ್ಲ ಬೆವರು, ಅಲ್ಪವಿರಾಮ, ಕಣ್ಣು ಕತ್ತಲೆ ಬಂತು, ಪೂರ್ಣವಿರಾಮ. ಮಂಡಿ ನೋವು ಮಾತ್ರ ವಾಸಿ, ಪೂರ್ಣವಿರಾಮ. ಸರಿಯಾಗಿದೆಯಾ ಸಾರ್?"

ಕಂಡಕ್ಟರ ಕಣ್ಣು ಒದ್ದೆಯಾಯಿತು. ಆಸ್ಪತ್ರೆಯಲ್ಲಿ ತನ್ನ ಮಾತು ಅರ್ಧ ಮುಗಿಯುವುದರೊಳಗೆ ಚೀಟಿ ಬರೆದುಕೊಡುತ್ತಾರೆ, ಮನೆಯಲ್ಲಿ ಮಾತು ಶುರುವಾಗುವ ಮೊದಲೇ ಎದ್ದುಹೋಗುತ್ತಾರೆ, ತಾನು ಹೇಳಿದ್ದನ್ನು ಹೇಳಿದ ಹಾಗೇ ತನಗೇ ವಾಪಸು ಒಪ್ಪಿಸಿದವರು ಜೀವಮಾನದಲ್ಲಿ ನೀವೊಬ್ಬರೇ ಎಂದು ಭಾವನ ಕೈ ಹಿಡಿದುಕೊಂಡರು. ಮದ್ದು ಏನು ಮಾಡಲಿ ಎಂದು ಕೇಳಿದರು. ಭಾವ ನನಗೇನೂ ಗೊತ್ತಿಲ್ಲ, ಡಾಕ್ಟರನ್ನು ಕೇಳಿ ಎಂದರು. ಚೀಟಿಯನ್ನು ಬಾಟಲಿಗೆ ಅಂಟಿಸಿ ಕಿಟಕಿಯಲ್ಲಿಟ್ಟುಕೊಂಡರು.

ಕಂಡಕ್ಟರ ಬಾಯಿ ದೊಡ್ಡದು, ಬಸ್ಸಿನ ದಾರಿ ಉದ್ದ. ಮುಂದಿನ ಭಾನುವಾರದ ಹೊತ್ತಿಗೆ ನಮ್ಮ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಬಂದವರೆಲ್ಲ ಟಾನಿಕ್ಕಿಗೇ ಸಂಬಂಧಪಟ್ಟದ್ದನ್ನು ಹೇಳುತ್ತಾರೆಂದು ನಿರೀಕ್ಷಿಸುವುದು ತಪ್ಪು. ಮೇಲಿನ ಬೀದಿಯ ರಿಟೈರಾದ ಹೆಡ್‌ಮಾಸ್ತರು, ತಾವು ಟಾನಿಕ್ ಶುರು ಮಾಡಿದಂದಿನಿಂದ ಸೊಸೆ ಎದುರುತ್ತರ ಕೊಡುತ್ತಿದ್ದಾಳೆ ಎಂದು ದೂರಿದರು. ಒಬ್ಬ ಅಜ್ಜಿ, ಬಾಟಲಿ ಇಟ್ಟ ಕಪಾಟಿನ ಹತ್ತಿರ ಮಲಗುವ ಬೆಕ್ಕಿಗೆ ನಿದ್ದೆ ಜಾಸ್ತಿಯಾಗಿದೆ ಎಂದಳು. ಇನ್ನೊಬ್ಬರು ಟಾನಿಕ್ ಕುಡಿದವರೇ ಅಲ್ಲ, ಕುಡಿದರೆ ಏನಾಗಬಹುದೆಂದು ಯೋಚಿಸಿ ಎದೆ ಹೊಡೆದುಕೊಳ್ಳುತ್ತಿದೆ ಎಂದು ಬಂದಿದ್ದರು. ಇದೆಲ್ಲ ಯಾಕೆ ಬರೆದುಕೊಳ್ಳುತ್ತೀರಿ ಭಾವ ಎಂದು ಕೇಳಿದೆ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಹೇಳಲು ನಾನ್ಯಾರು, ಎಂದು ಸೊಸೆಯ ಎದುರುತ್ತರದ ಪಕ್ಕ ಒಂದು ಅರ್ಧವಿರಾಮ ಹಾಕಿದರು.

ಬಾಟಲಿಗಳು ಕಿಟಕಿ ತುಂಬಿ, ಕಪಾಟು ತುಂಬಿ, ಅಡುಗೆಮನೆಗೆ ದಾಟಿದವು. ಅಕ್ಕ ಸಾರಿಗೆ ಹುಣಸೆಹಣ್ಣು ತೆಗೆಯಲು ಹೋದರೆ ಕೈಗೆ ಸಿಗುವುದು "ತುರಿಕೆ, ಮೊಣಕೈ, ಸಂಜೆ ಹೊತ್ತು". ಅವಳು ಗಂಡನ ಹತ್ತಿರ ಮಾತು ಬಿಟ್ಟಳು. ಬಿಟ್ಟ ಮಾತನ್ನೆಲ್ಲ ನನ್ನ ಹತ್ತಿರ ಆಡಿದಳು.

ಮಾಳಿಗೆಯ ಮೇಲಿರುವ ಮನೆ ಓನರಮ್ಮ ಮೊದಲು ಬಂದದ್ದು ಜಗಳಕ್ಕೆ. ಬಾಡಿಗೆಗೆ ಕೊಟ್ಟದ್ದು ಸಂಸಾರಕ್ಕೆ, ಸಂತೆಗಲ್ಲ ಎಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಆದರೆ ಅವರ ಮೈಯಲ್ಲಿ ಒಬ್ಬ ಮೇಲಧಿಕಾರಿ ಇಷ್ಟು ವರ್ಷ ಕೆಲಸವಿಲ್ಲದೆ ಕೂತಿದ್ದ. ಜನ ಅಡ್ಡಾದಿಡ್ಡಿ ನಿಂತದ್ದನ್ನು ನೋಡಲಾರದೆ ಒಬ್ಬರನ್ನು ಸಾಲಿಗೆ ತಳ್ಳಿದರು. ಆಮೇಲೆ ಇನ್ನೊಬ್ಬರನ್ನು. ಮಧ್ಯಾಹ್ನದ ಹೊತ್ತಿಗೆ ಪೂರಾ ಆಡಳಿತ ಅವರ ಕೈಯಲ್ಲಿತ್ತು. ತಲೆಸುತ್ತಿನವರು ಎಲ್ಲಿ ಬಿದ್ದುಬಿಡುತ್ತಾರೋ ಎಂದು ಅವರನ್ನೆಲ್ಲ ಗೋಡೆಗೆ ಒರಗಿಕೊಳ್ಳಲು ಬಲಗಡೆ ಕೂರಿಸಿದರು. ತುರಿಕೆಯವರನ್ನು, ಅಂಟೀತೆಂದು, ಎಡಗಡೆ ದೂರಕ್ಕೆ ಕಳಿಸಿದರು. ಹೊಟ್ಟೆಯವರಿಗೆ ಹಿತ್ತಲಿನ ಬಾಗಿಲು ತೋರಿಸಿದರು. ಸೊಸೆ, ಬೆಕ್ಕು ಮುಂತಾದವರು ನಡುವೆ.

ಈ ಏರ್ಪಾಟಿನಿಂದ ಒಂದು ವಿಚಿತ್ರ ನಡೆಯಿತು. ಬಲಗಡೆ ಗೋಡೆಗೊರಗಿ ಕೂತ ತಲೆಸುತ್ತಿನವರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಒಬ್ಬರ ಕಷ್ಟ ಒಬ್ಬರಿಗೆ ಹೇಳಿಕೊಳ್ಳತೊಡಗಿದರು. ಇಸ್ತ್ರಿ ಅಂಗಡಿಯವಳು, ಬಿಸಿ ಪೆಟ್ಟಿಗೆ ಕೈಯಲ್ಲಿರುವಾಗಲೇ ಕಣ್ಣು ಕತ್ತಲಾಗಿ ಯಾರದೋ ಪ್ಯಾಂಟು ಸುಟ್ಟದ್ದನ್ನು ಹೇಳಿದಳು. ನಿನಗೆ ಸಕ್ಕರೆ ಕಾಯಿಲೆ ಏನಾದರೂ ಇದೆಯೇನಮ್ಮ ಎಂದು ಕಂಡಕ್ಟರು ಕೇಳಿದರು, ನನಗೆ ಇದೆ, ಮಾತ್ರೆ ನುಂಗುತ್ತೇನೆ ಅಂದರು. ಅವಳೂ ನುಂಗುತ್ತಿದ್ದಳು. ಪಕ್ಕದವರೂ ನುಂಗುತ್ತಿದ್ದರು. ಅವರ ಪಕ್ಕದವರೂ. ಬಲಗಡೆಯ ಗೋಡೆಯುದ್ದಕ್ಕೂ ಸಕ್ಕರೆ ಮಾತ್ರೆ ನುಂಗುವವರೇ ಕೂತಿದ್ದರು. ಟಾನಿಕ್ ಕುಡಿಯುವ ವಿಷಯವನ್ನು ಡಾಕ್ಟರಿಗೆ ಹೇಳಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಸೊಪ್ಪು ಬೇರು ಕುಡಿಯುವುದನ್ನೂ ಡಾಕ್ಟರಿಗೆ ಹೇಳುತ್ತಾರೆಯೇ ಎಂದು ಅವರಿಗೆಲ್ಲ ಆಶ್ಚರ್ಯ.

ಭಾವ ಇದನ್ನೂ ಪ್ರತಿ ಚೀಟಿಯಲ್ಲಿ ಸೇರಿಸಿ, ಗಟ್ಟಿಯಾಗಿ ಓದಿ, ಅಂಟಿಸಿದರು. ಅದಕ್ಕೇನರ್ಥ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅದಾದ ಮೇಲಿನ ಶನಿವಾರ ಸಂಜೆ ಸರ್ಕಾರಿ ಜೀಪೊಂದು ಮನೆ ಮುಂದೆ ನಿಂತಿತು. ಬೀದಿಗೆ ಬೀದಿಯೇ ಕಿಟಕಿಗೆ ಬಂತು. ಪರವಾನಗಿಯಿಲ್ಲದೆ ವೈದ್ಯ ಮಾಡಿದ್ದಕ್ಕೆ ಹಿಡಿದುಕೊಂಡು ಹೋಗುತ್ತಾರೆ ಎಂದು ಹೆಡ್‌ಮಾಸ್ತರು ಸಾರಿದರು. ಹಾಗೆ ಸಾರಿದ ಮೇಲೆ ತಾವು ಮಾತ್ರ ಸೊಸೆಯ ವಿಷಯ ಹೇಳಿಯೇ ಇಲ್ಲವೆಂದು ಪಕ್ಕದವರಿಗೆ ಸ್ಪಷ್ಟಪಡಿಸಿದರು.

ಜೀಪಿನಿಂದ ಇಳಿದವರು ಹತ್ತಿಯ ಸೀರೆಯುಟ್ಟ, ಕನ್ನಡಕದ ಹೆಂಗಸು. ದೊಡ್ಡಾಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ಕಟ್ಟಡದ ಪಕ್ಕದ ಕೋಣೆಯಲ್ಲಿ ಅವರ ಕಚೇರಿ. ಗಿಡಮೂಲಿಕೆ ಔಷಧಿಗಳಿಂದ ಯಾರಿಗೆ ಏನು ತೊಂದರೆಯಾಯಿತೆಂದು ನಿಗಾ ಇಡುವುದು ಅವರ ಕೆಲಸ. ಆ ಕೋಣೆಯಲ್ಲಿ ಒಂದು ಫೋನಿತ್ತು. ಫೋನು ಮಾಡುವವರು ಯಾರೂ ಇರಲಿಲ್ಲ. ಮೊನ್ನೆ ಆಸ್ಪತ್ರೆಗೆ ಬಂದ ರೋಗಿಯೊಬ್ಬನನ್ನು ಇವರು ವಿಚಾರಿಸಿದಾಗ, ಅದನ್ನೆಲ್ಲ ನಾನು ಆಗಲೇ ಅಡ್ಡ ಪರಿಣಾಮದ ಮನೆಯಲ್ಲಿ ಹೇಳಿಯಾಯಿತು, ನಿಮಗ್ಯಾಕೆ ಇನ್ನೊಮ್ಮೆ ಹೇಳಬೇಕು ಎಂದು ಗದರಿಸಿದನಂತೆ. ತನಗೆ ತಿಳಿಯದೆ ತನ್ನ ಇಲಾಖೆಯ ಶಾಖೆಯೊಂದು ಎಲ್ಲಿ ಹುಟ್ಟಿಕೊಂಡಿತೆಂದು ನೋಡಲು ನಿಗಾ ಮೇಡಂ ಬಂದಿದ್ದರು.

ಭಾವ ಕೈಕಟ್ಟಿ ನಿಂತು ಎಲ್ಲವನ್ನೂ ಒಪ್ಪಿಕೊಂಡರು. ಲೇಬಲ್ಲು, ಖಾಲಿ ಜಾಗ, ಕರೆಂಟು. ಮೇಡಂ ಕಿಟಕಿಯ ಹತ್ತಿರ ಹೋಗಿ ಒಂದು ಬಾಟಲಿ ತೆಗೆದು ಚೀಟಿ ಓದಿದರು. ಇನ್ನೊಂದು ತೆಗೆದರು. ಕಪಾಟಿಗೆ ಹೋದರು. ಅಡುಗೆಮನೆಗೆ ಹೋದರು. ಹುಣಸೆಹಣ್ಣಿನ ಡಬ್ಬಿಯ ಹಿಂದಿದ್ದವನ್ನೂ ಅಕ್ಕನೇ ತೆಗೆದುಕೊಟ್ಟಳು. ಕೊನೆಗೆ ಮೇಡಂ ಒಂದು ಸ್ಟೂಲಿನ ಮೇಲೆ ಕೂತು ನೀರು ಕೇಳಿದರು.

"ಇದನ್ನ ಯಾರು ಹೇಳ್ಕೊಟ್ರು ನಿಮಗೆ?"

"ಯಾರೂ ಇಲ್ಲ ಮೇಡಂ. ನನಗೇನೂ ಗೊತ್ತಿಲ್ಲ. ಅವರು ಹೇಳಿದ್ದು ಬರ್ಕೊಂಡೆ ಅಷ್ಟೆ."

"ಟಾನಿಕ್ಕಿಂದಲೇ ಆಯ್ತು ಅಂತ ನೀವು ಎಲ್ಲೂ ಬರೆದಿಲ್ಲ. ಆಗಿಲ್ಲ ಅಂತಲೂ ಬರೆದಿಲ್ಲ."

"ಅದು ನನಗೆ ಹೇಗೆ ಗೊತ್ತಾಗ್ಬೇಕು ಮೇಡಂ?"

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಊರೂರು ತಿರುಗಿ, ಡಾಕ್ಟರುಗಳನ್ನು ಕೂರಿಸಿಕೊಂಡು, ನೀವು ತೀರ್ಮಾನ ಮಾಡಬೇಡಿ, ಆದದ್ದನ್ನು ಆದ ಹಾಗೆ ತಿಳಿಸಿ, ತೀರ್ಮಾನಿಸಲು ಬೇರೆ ಜನ ಇದ್ದಾರೆ ಎಂದು ಭಾಷಣ ಮಾಡಿ ಬರುತ್ತೇನೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದರು. ಆಮೇಲೆ ತಲೆಸುತ್ತಿನ ಬಾಟಲಿಗಳನ್ನು ಒಂದು ಕಡೆ ಜೋಡಿಸಿ ವಿವರಿಸಿದರು. ಮಾತ್ರೆ ರಕ್ತದ ಸಕ್ಕರೆ ಇಳಿಸುತ್ತದೆ. ಟಾನಿಕ್ಕಿನಲ್ಲಿರುವ ಒಂದು ಎಲೆಗೂ ಆ ಗುಣವಿದೆ. ಎರಡೂ ಸೇರಿದರೆ ಸಕ್ಕರೆ ಇಳಿಯಬೇಕಾದ್ದಕ್ಕಿಂತ ಕೆಳಗೆ ಇಳಿಯಬಹುದು. ಇದು ಅನುಮಾನ ಮಾತ್ರ, ಪರೀಕ್ಷೆಯಾಗಬೇಕು. ನಿಜವಾಗಿದ್ದರೆ ಒಂದಲ್ಲ ಒಂದು ದಿನ ಯಾರಾದರೂ ಬಸ್ಸಿನ ಮೆಟ್ಟಿಲಿಂದ ಬೀಳುತ್ತಾರೆ. ಅಷ್ಟು ಹೇಳಿ, ಬೆಕ್ಕಿನ ಬಾಟಲಿಯನ್ನು ಮಾತ್ರ ವಿನಯದಿಂದ ಅಕ್ಕನಿಗೆ ವಾಪಸು ಕೊಟ್ಟರು. ತಮ್ಮ ಇಲಾಖೆಯಲ್ಲಿ ಬೆಕ್ಕಿನ ವಿಭಾಗ ಇನ್ನೂ ಶುರುವಾಗಿಲ್ಲವಂತೆ.

ಆಮೇಲೆ ಬಂತು ನಿಜವಾದ ಕಷ್ಟ. ಇದನ್ನೆಲ್ಲ ವರದಿಯೆಂದು ತೆಗೆದುಕೊಳ್ಳಬೇಕಾದರೆ ವರದಿ ಮಾಡಿದವರ ಹೆಸರು, ರುಜು ಬೇಕು. ಹೆಸರಿಲ್ಲದ ವರದಿ ಗಾಳಿಮಾತಿಗೆ ಸಮ. ಹೆಸರು ಹಾಕಿದರೆ ಟಾನಿಕ್ ಕಂಪನಿಗೆ ನೋಟಿಸು ಹೋಗುತ್ತದೆ. ಈ ವಿಳಾಸ ಲೇಬಲ್ಲಿಗೆ ಬಂದದ್ದು ಹೇಗೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಅದನ್ನು ಮುಚ್ಚಿಡಲು ತಮ್ಮಿಂದ ಆಗುವುದಿಲ್ಲ ಎಂದು ಮೇಡಂ ಬಿಡಿಸಿ ಹೇಳಿದರು. ಬೇಕಾದರೆ ಯೋಚನೆ ಮಾಡಿ, ಬಲವಂತವಿಲ್ಲ ಎಂದರು.

ಬಾಗಿಲ ಹಿಂದಿನಿಂದ ನಾನು ಬೇಡ ಬೇಡ ಎಂದು ಕೈಯಾಡಿಸಿದೆ. ಅಕ್ಕನ ಕಣ್ಣಲ್ಲಿ ಮನೆ ಬಾಡಿಗೆ, ಅಕ್ಕಿ, ಬೇಳೆ ಎಲ್ಲವೂ ಕಾಣುತ್ತಿತ್ತು. ಭಾವನಿಗೆ ಪ್ರೆಸ್ಸಿನ ಕೆಲಸ ಬಿಟ್ಟರೆ ಬೇರೆ ಗೊತ್ತಿಲ್ಲ, ಆ ವಯಸ್ಸಿನಲ್ಲಿ ಹೊಸ ಕೆಲಸ ಕೊಡುವವರೂ ಇಲ್ಲ.

"ಕರಡು ನೋಡಿದವನು ಕೊನೆಗೆ ರುಜು ಹಾಕ್ಲೇಬೇಕಲ್ಲ ಮೇಡಂ. ನಮ್ಮ ಪ್ರೆಸ್ಸಲ್ಲೂ ಅದೇ ಪದ್ಧತಿ" ಎಂದರು. ಪೆನ್ನು ಹುಡುಕಿದರು. ಪೆನ್ನು ಅವರ ಕಿವಿಯ ಮೇಲೇ ಇತ್ತು, ಅಕ್ಕನೇ ತೆಗೆದುಕೊಟ್ಟಳು. ಅವತ್ತು ಅವಳು ಗಂಡನ ಹತ್ತಿರ ಮತ್ತೆ ಮಾತು ಶುರು ಮಾಡಿದಳು. ಬಾಯಿತುಂಬ ಬೈದಳು, ಬೈಯುತ್ತಲೇ ಅವರಿಗೆ ಇಷ್ಟವಾದ ಪಲ್ಯ ಮಾಡಿ ಬಡಿಸಿದಳು. ಇಂಥ ಗಂಡಸನ್ನು ಕಟ್ಟಿಕೊಂಡದ್ದಕ್ಕೆ ಅವಳಿಗೆ ಹೆಮ್ಮೆಯಾಗಿತ್ತೆಂದು ನನಗೆ ಗೊತ್ತು. ನನಗೂ ಆಗಿತ್ತು. ಹೇಳಿಕೊಳ್ಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ನೋಟಿಸು ಹೋಯಿತು. ಯಜಮಾನರ ಫೋನು ಬಡಿದುಕೊಂಡಿತು. ಅವರು ಭಾವನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡು ಕೂಗಾಡಿದ್ದು ಯಂತ್ರದ ಸದ್ದನ್ನೂ ಮೀರಿ ನಮಗೆಲ್ಲ ಕೇಳಿಸಿತು. ಸಾಹುಕಾರರು ಸೋಮವಾರ ಪ್ರೆಸ್ಸಿಗೆ ಬರುತ್ತಾರೆ, ಅವರು ಇರಲಿ ಅಂದರೆ ನೀನಿರು, ಹೋಗಲಿ ಅಂದರೆ ಹೋಗು, ನನ್ನ ಕೈಯಲ್ಲೇನೂ ಇಲ್ಲ ಎಂಬುದು ಅದರ ಸಾರಾಂಶ. ಭಾವ ಹೊರಗೆ ಬಂದು, ಮೇಜಿನ ಮೇಲಿದ್ದ ಕರಡನ್ನು ಎಲ್ಲಿಗೆ ಬಿಟ್ಟಿದ್ದರೋ ಅಲ್ಲಿಂದ ಮುಂದುವರಿಸಿದರು.

ಸಾಹುಕಾರರು ಸೋಮವಾರದವರೆಗೆ ಕಾಯಲಿಲ್ಲ. ಭಾನುವಾರ ಬೆಳಗ್ಗೆಯೇ ಅವರ ದೊಡ್ಡ ಕಾರು ಹಿಟ್ಟಿನ ಗಿರಣಿಯ ಪಕ್ಕ ನಿಂತಿತು. ಕಾರ್ಖಾನೆಗೆ ಕಟ್ಟು ಹಾಕಲು ಹೋಗುವ ನನಗೆ ಅವರ ಗುರುತಿತ್ತು. ಭಾವ ಪ್ರೆಸ್ಸಿನ ಮೂಲೆಯಿಂದ ಎದ್ದವರಲ್ಲ, ಅವರನ್ನು ಒಮ್ಮೆಯೂ ನೋಡಿರಲಿಲ್ಲ. ಎಚ್ಚರಿಸೋಣವೆಂದು ಒಳಗೆ ಓಡಿದರೆ ಓನರಮ್ಮ ಕೈ ಅಡ್ಡ ಹಿಡಿದರು. ಒಳಗೆ ಒಬ್ಬರ ವಿಷಯ ನಡೀತಿದೆ, ಮನೆಯವನಾದರೇನು, ಸಾಲು ಸಾಲೇ ಎಂದು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದರು.

ಸಾಹುಕಾರರು ಬಾಟಲಿಯನ್ನು ಬಿಗಿಯಾಗಿ ಹಿಡಿದುಕೊಂಡು ಮೆಟ್ಟಿಲ ಬಳಿ ಬಂದರು. ತಪ್ಪು ವಿಳಾಸವನ್ನು ಭಾವನ ಮುಖಕ್ಕೆ ಹಿಡಿಯಲು ತಂದ ಬಾಟಲಿಯದು.

"ತುರಿಕೆನಾ, ತಲೆಸುತ್ತಾ?" ಎಂದರು ಓನರಮ್ಮ.

"ನಾನು ಕಂಪನಿಯವನು."

"ಕಂಪನಿಯವರಿಗೂ ಬರುತ್ತೆ. ತುರಿಕೆನಾ, ತಲೆಸುತ್ತಾ?"

ಸಾಹುಕಾರರು ಸುತ್ತ ನೋಡಿದರು. ಬೀದಿಯಿಡೀ ತಮ್ಮನ್ನೇ ನೋಡುತ್ತಿದೆ. "ನಿಮ್ಮನ್ನ ನೋಡ್ತಿದ್ರೆ ತಲೆ ಸುತ್ತುತ್ತಿದೆ" ಎಂದರು.

ಓನರಮ್ಮ ಅವರನ್ನು ಬಲಗಡೆ ಗೋಡೆಗೆ, ಕಂಡಕ್ಟರಿಗೂ ಇಸ್ತ್ರಿ ಅಂಗಡಿಯವಳಿಗೂ ಮಧ್ಯೆ ಕೂರಿಸಿದರು. ಅಷ್ಟು ದೊಡ್ಡ ಮನುಷ್ಯ ಹೇಗೆ ಕೂತರೋ ನನಗೆ ಇಂದಿಗೂ ಅರ್ಥವಾಗಿಲ್ಲ. ಓನರಮ್ಮನ ಮುಂದೆ ನಿಂತು ನೋಡಿದವರಿಗೆ ಅರ್ಥವಾಗುತ್ತದೆಯೋ ಏನೋ.

ಇಸ್ತ್ರಿ ಅಂಗಡಿಯವಳು ಅವರ ಕೈಯಲ್ಲಿದ್ದ ಬಾಟಲಿ ನೋಡಿ ಮಾತು ತೆಗೆದಳು. ಒಳ್ಳೇ ಔಷಧಿ ಅಣ್ಣಾ, ನನ್ನ ಮಂಡಿನೋವು ಹೂವೆತ್ತಿದ ಹಾಗೆ ಹೋಯಿತು ಅಂದಳು. ಸಾಹುಕಾರರ ಮುಖ ಸ್ವಲ್ಪ ಸಡಿಲಾಯಿತು. ಸಕ್ಕರೆ ಮಾತ್ರೆ ನುಂಗುವವರಿಗೆ ಮಾತ್ರ ಯಾಕೋ ಕಣ್ಣು ಕತ್ತಲೆ ಬರುತ್ತದೆ, ಮಾಡುವವರಿಗೆ ಪಾಪ ಗೊತ್ತಿಲ್ಲವೇನೋ, ಗೊತ್ತಿದ್ದರೆ ಹೇಳುತ್ತಿದ್ದರು ಎಂದಳು. ಕಂಡಕ್ಟರು ತಮ್ಮದನ್ನು ಹೇಳಿದರು. ಅದರಾಚೆಯವರು ತಮ್ಮದನ್ನು. ಯಾರೂ ಬೈಯಲಿಲ್ಲ. ಬೈದಿದ್ದರೆ ಸಾಹುಕಾರರು ಎದ್ದು ಉತ್ತರ ಕೊಡುತ್ತಿದ್ದರು. ಬೆವರು, ಕೈನಡುಕ, ಕತ್ತಲೆ, ಎಲ್ಲರ ಮಾತೂ ಒಂದೇ ಆಗಿತ್ತು. ಕೇಳುತ್ತ ಕೇಳುತ್ತ ಸಾಹುಕಾರರು ಬಾಟಲಿಯನ್ನು ತೊಡೆಯ ಮೇಲೆ ಮಲಗಿಸಿದರು.

ಅವರ ಸರದಿ ಬಂತು. ಓನರಮ್ಮನ ತೋಳಿನಡಿ ನುಸುಳಿ ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಭಾವ ಎಂದಿನಂತೆ ಕುರ್ಚಿ ಒರೆಸಿ ಕೂರಿಸಿ, ಯಾರಿಗೆ ತೊಂದರೆ, ಏನಾಯಿತು ಎಂದು ಕೇಳಿದರು. ಸಾಹುಕಾರರು ಬಾಯಿ ತೆರೆದರು. ಬಂದದ್ದು ಬೇರೆಯೇ ದನಿ.

"ನಮ್ಮಮ್ಮನಿಗೆ."

ಪ್ರತಿ ಸಲ ಹೊಸ ಮಾಲು ತಯಾರಾದಾಗ ಮೊದಲ ಬಾಟಲಿ ಅವರ ತಾಯಿಗೇ ಹೋಗುವುದೆಂದು ನಾನು ಕಾರ್ಖಾನೆಯಲ್ಲಿ ಕೇಳಿದ್ದೆ. ಭಾವನಿಗೆ ಅವರು ಹೇಳಿದ್ದು ಇಷ್ಟು: ಮಗ ಕೊಟ್ಟದ್ದು ಎಂದು ಮುದುಕಿ ತಪ್ಪದೆ ಕುಡಿಯುತ್ತಾರೆ. ಸಕ್ಕರೆ ಮಾತ್ರೆಯನ್ನೂ ನುಂಗುತ್ತಾರೆ. ಹೋದ ತಿಂಗಳು ಬಚ್ಚಲಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾಗಿದೆ. ಬೀಳುವ ಮುಂಚೆ ಬೆವರಿದ್ದರು, ಕೈ ನಡುಗುತ್ತಿತ್ತು. ವಯಸ್ಸಾಯಿತು ಎಂದು ಎಲ್ಲರೂ ಅಂದುಕೊಂಡರು. ಇವರೂ ಅಂದುಕೊಂಡರು. ಬಲ ಬರಲೆಂದು ದಿನಕ್ಕೆ ಇನ್ನೊಂದು ಚಮಚ ಜಾಸ್ತಿ ಕೊಡಿಸಿದರು.

ಭಾವ ನಿಧಾನವಾಗಿ ಬರೆದುಕೊಂಡರು. ಗಟ್ಟಿಯಾಗಿ ಓದುವ ಅಭ್ಯಾಸವನ್ನು ಅವತ್ತು ಸ್ವಲ್ಪ ತಗ್ಗಿಸಿದರು. ಚಮಚದ ಮಾತು ಬಂದಾಗ ಸಾಹುಕಾರರು ಮುಖ ಪಕ್ಕಕ್ಕೆ ತಿರುಗಿಸಿದರು. ಮೊದಲು ಇವತ್ತೇ ಅವರ ಡಾಕ್ಟರಿಗೆ ಎರಡನ್ನೂ ತೆಗೆದುಕೊಳ್ಳುತ್ತಾರೆಂದು ಹೇಳಿಬಿಡಿ ಎಂದು ಭಾವ ಸಮಾಧಾನ ಮಾಡಿದರು. ಬಾಟಲಿಯನ್ನು ಇಸಿದುಕೊಂಡು ಚೀಟಿಯನ್ನು ಅಂಟಿಸಿದರು. ಈಗ ಮೇಡಂ ಕೊಟ್ಟುಹೋದ ಹೊಸ ಪದ್ಧತಿಯಂತೆ ಕೊನೆಯ ಪ್ರಶ್ನೆ ಕೇಳಿದರು. ವರದಿ ಮಾಡುವವರ ಹೆಸರು, ರುಜು.

"ಹೆಸರು ಹಾಕ್ಲೇಬೇಕಾ?" ಎಂದರು ಸಾಹುಕಾರರು.

ಭಾವ ಅವರ ಮುಖ ನೋಡಿದರು. ಈ ಅಳುಕು ಅವರಿಗೆ ಚೆನ್ನಾಗಿ ಪರಿಚಯವಿತ್ತು. ಮುಂದಕ್ಕೆ ಬಗ್ಗಿ, ಸಾಹುಕಾರರ ಮೊಣಕಾಲು ತಟ್ಟಿದರು.

"ಹೆದರ್ಬೇಡಿ ಸಾರ್. ನಾನೂ ಹಾಕಿದ್ದೀನಿ. ಕಂಪನಿಯವರು ಬಂದು ನಿಮಗೇನಾದ್ರೂ ಅಂದ್ರೆ ನನ್ನ ಹೆಸರು ಹೇಳಿ. ನಾನು ನೋಡ್ಕೋತೀನಿ."

ಕಿಟಕಿಯ ಸರಳು ಹಿಡಿದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಸಾಹುಕಾರರು ರುಜು ಹಾಕುತ್ತಿದ್ದರು. ಹಾಕಿ ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, ನಾಳೆ ನಿಮ್ಮ ಪ್ರೆಸ್ಸಿಗೆ ಬರುತ್ತೇನೆ, ಲೇಬಲ್ಲು ಬದಲಾಯಿಸಬೇಕು, ಸಕ್ಕರೆ ಮಾತ್ರೆಯವರಿಗೆ ಎಚ್ಚರಿಕೆಯ ಸಾಲೊಂದು ದೊಡ್ಡ ಅಕ್ಷರದಲ್ಲಿ ಬರಬೇಕು, ಕರಡನ್ನು ನೀವೇ ನೋಡಬೇಕು, ಬೇರೆಯವರಿಗೆ ಕೊಡಕೂಡದೆಂದು ನಿಮ್ಮ ಯಜಮಾನರಿಗೆ ಹೇಳುತ್ತೇನೆ ಎಂದರು. ರುಜುವಿನ ಗೀಚಿನಲ್ಲಿ ಹೆಸರು ಓದಲಾಗದಿದ್ದರೂ, ಪ್ರೆಸ್ಸಿಗೆ ಹೊಸ ಗಿರಾಕಿ ಸಿಕ್ಕಿದ ಖುಷಿಯಲ್ಲಿ ಭಾವನ ಮುಖ ಅರಳಿತು. ಇದರಿಂದಲಾದರೂ ಯಜಮಾನರ ಕೋಪ ಇಳಿದೀತೆಂದು ಅವರಿಗೆ ಆಸೆ.

"ಖಂಡಿತ ಬನ್ನಿ ಸಾರ್. ತಮ್ಮದು ಯಾವ ಕಂಪನಿ?"

ಸಾಹುಕಾರರು ಎದ್ದು ನಿಂತು, ಭಾವನ ಕೈಯಲ್ಲಿದ್ದ ಬಾಟಲಿಯನ್ನು ತೋರಿಸಿದರು.

ಭಾವ ಬಾಟಲಿ ನೋಡಿದರು, ಸಾಹುಕಾರರನ್ನು ನೋಡಿದರು, ತಾವು ಈಗಷ್ಟೇ ತಟ್ಟಿದ ಮೊಣಕಾಲನ್ನು ನೋಡಿದರು. ಬಾಟಲಿ ಕೈಯಿಂದ ಜಾರಿತು. ಅದು ನೆಲ ಮುಟ್ಟುವ ಮುಂಚೆ ಬಗ್ಗಿ ಹಿಡಿದವರು ಸಾಹುಕಾರರೇ. ಅಂಟಿಸಿದ ಚೀಟಿ ಮಾಸದಂತೆ ಅದನ್ನು ಭಾವನ ಎರಡೂ ಕೈಗಳಲ್ಲಿ ಇಟ್ಟು, ಇದು ಜೋಪಾನವಾಗಿ ಮೇಡಂ ಕೈಸೇರಲಿ ಎಂದು ಹೇಳಿ, ಅಮ್ಮನ ಡಾಕ್ಟರನ್ನು ಕಾಣಲು ಮೆಟ್ಟಿಲಿಳಿದು ಹೋದರು.